ದೀಪ ಕೀಳದ ರಹಮತ್ ಭಾಯ್

ಕಾರು ಬಂದು ನಿಂತರೆ ರಹಮತ್ ಭಾಯ್ ಬಾನೆಟ್ ಎತ್ತುವ ಮೊದಲು ನಾಟಿ ವೈದ್ಯರ ಹಾಗೆ ವಿಚಾರಿಸುತ್ತಿದ್ದರು: "ಯಾವಾಗ ಹತ್ತೈತೆ ದೀಪ? ಹಂಪ್ ಹಾರ್‍ದಾಗ್ಲಾ, ತಿರುವಲ್ಲಾ, ಮಳೆ ಬಂದ್ಮೇಲಾ?" ಅವರ ಗ್ಯಾರೇಜಿದ್ದ ಶಿರಾ ಗೇಟ್ ವೃತ್ತದ ಗಲಾಟೆಯಲ್ಲೂ ಉತ್ತರವನ್ನು ಕಿವಿಗೊಟ್ಟು ಕೇಳುತ್ತಿದ್ದರು.

ನನ್ನ ಕಾರಿನಲ್ಲಿ ಎಬಿಎಸ್‌ನ ಎಚ್ಚರಿಕೆ ದೀಪ ಹತ್ತಿ ಆರುತ್ತಿತ್ತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಕಾರು ಜಾರದಂತೆ ಕಾಯುವ ವ್ಯವಸ್ಥೆ ಎಬಿಎಸ್; ಅದು ಕೆಟ್ಟರೆ ದೀಪ ಹತ್ತುತ್ತದೆ. ಬೇರೆ ಕಡೆ ಚಕ್ರದ ಸೆನ್ಸರ್ ಬದಲಾಯಿಸಿದರೂ ಪ್ರಯೋಜನವಾಗಿರಲಿಲ್ಲ. ಭಾಯ್ ಸೆನ್ಸರಿನ ವೈರಿಗೆ, ಸಂಪರ್ಕವಿದ್ದರೆ ಸದ್ದು ಮಾಡುವ ಮೀಟರ್ ಹಿಡಿದು, ನನಗೆ ಸ್ಟೇರಿಂಗ್ ತಿರುಗಿಸಲು ಹೇಳಿದರು. ಎಡಕ್ಕೆ ತಿರುಗಿಸಿದಾಗ ಕುಂಯ್ಗುಟ್ಟುತ್ತಿದ್ದ ಮೀಟರ್ ಬಲಕ್ಕೆ ತಿರುಗಿಸಿದೊಡನೆ ಸುಮ್ಮನಾಯಿತು.

"ನೋಡಿ ಮೇಡಂ, ಮೇಲೆ ಚರ್ಮ ಚೆನ್ನಾಗೈತೆ, ಒಳಗೆ ನರ ತುಂಡಾಗೈತೆ. ಪಾಪ, ಸೆನ್ಸರ್ ಹೇಳ್ತಾನೇ ಐತೆ, ಮಾತು ಮುಟ್ತಾ ಇಲ್ಲ."

ಅವರು ಆ ವೈರು ಕೂಡಿಸುತ್ತಿದ್ದಾಗಲೇ ಹಳೇ ಕಾರುಗಳ ವ್ಯಾಪಾರಿಯೊಬ್ಬ ಬಂದ. ಭಾಯ್ ಅಂಗಡಿಗೆ ಹೆಚ್ಚು ಕೆಲಸ ತರುತ್ತಿದ್ದವನೇ ಅವನು. ಅವನ ಬಿಳಿ ಕಾರಿನಲ್ಲೂ ಅದೇ ದೀಪ.

"ಗಿರಾಕಿ ಬರ್ತಾವ್ನೆ ಭಾಯ್. ದೀಪದ ಕನೆಕ್ಷನ್ ಕಿತ್ತಾಕ್ಬುಡು."

"ದೀಪ ಕಿತ್ರೆ ಬ್ರೇಕ್ ಸರಿಹೋಯ್ತದೇನಣ್ಣ? ಗಾಡಿ ಬುಟ್ಟೋಗು, ನಾಳೆ ಸರಿಯಾಗಿ ಮಾಡಿಕೊಡ್ತೀನಿ."

"ಹಂಗಾದ್ರೆ ಇನ್ಮೇಲೆ ಒಂದ್ ಗಾಡೀನೂ ನಿನ್ ಹತ್ರ ತರಲ್ಲ!" ಎಂದು ಅವನು ಕಾರು ತೆಗೆದುಕೊಂಡು ಹೋದ. ಮಾತು ಉಳಿಸಿಕೊಂಡ. ಭಾಯ್ ಅಂಗಡಿಯ ಮುಂದೆ ಬಹಳ ಕಾಲ ಜಾಗ ಖಾಲಿ ಬಿದ್ದಿರುತ್ತಿತ್ತು.

ಮುಂದಿನದನ್ನು ಆ ಬಿಳಿ ಕಾರು ಕೊಂಡ ಗುಬ್ಬಿಯ ಶಿವಣ್ಣನ ಬಾಯಲ್ಲೇ ಕೇಳಿದ್ದೇನೆ. ಅವನು ಹೆಂಡತಿ, ಮಗುವಿನೊಂದಿಗೆ ಶಿರಾ ಗೇಟಿನಲ್ಲಿ ಎಳನೀರಿಗೆ ನಿಲ್ಲಿಸಿದ್ದನಂತೆ. ಕಾರಿನ ಗುರುತು ಹಿಡಿದ ಭಾಯ್ ರಸ್ತೆ ದಾಟಿ ಓಡಿ ಬಂದು ಗಾಜು ತಟ್ಟಿದರು.

"ಯಜಮಾನ್ರೇ, ಕೀ ಆಫ್ ಮಾಡಿ ಆನ್ ಮಾಡಿ. ಎಲ್ಲಾ ದೀಪಾನೂ ಒಂದ್ಸಲ ಹತ್ತಿ ಆರ್‍ಬೇಕು. ಎಬಿಎಸ್ಸಿಂದು ಹತ್ತಲ್ಲ, ನೋಡಿ."

ಹತ್ತಲಿಲ್ಲ. ಆದರೂ ಶಿವಣ್ಣ ರೇಗಿದ: "ಗಿರಾಕಿ ಹಿಡಿಯಾಕೆ ಹಿಂಗೊಂದು ನಾಟಕಾನಾ?"

"ನನ್ ಹತ್ರ ಬ್ಯಾಡ ಸ್ವಾಮಿ, ಎಲ್ಲಾದ್ರೂ ತೋರ್ಸಿ. ಮಗೀನ ಕೂರಿಸ್ಕೊಂಡು ಹಂಗೇ ಓಡಿಸ್ಬ್ಯಾಡಿ."

ಗುಬ್ಬಿಯಲ್ಲಿ ತೋರಿಸಿದಾಗ ದೀಪದ ವೈರು ಕತ್ತರಿಸಿದ್ದು ಕಂಡಿತು. ಮರುದಿನ ಶಿವಣ್ಣ ಕಾರನ್ನು ರಹಮತ್ ಭಾಯ್ ಬಳಿಗೇ ತಂದ. ಆಮೇಲೆ ಗುಬ್ಬಿ, ನಿಟ್ಟೂರಿನ ಕಡೆಯವರೆಲ್ಲ ಅವರನ್ನು ಹುಡುಕಿಕೊಂಡು ಬರತೊಡಗಿದರು.

ಕಡೆಗಾಲದಲ್ಲಿ ಅವರ ಕೈಗಳು ನಡುಗತೊಡಗಿದವು. ಅಂಗಡಿ ಮುಚ್ಚಿ ಕುಣಿಗಲ್ಲಿನ ಮಗಳ ಮನೆ ಸೇರಿದರು. ತೀರಿಕೊಳ್ಳುವ ಕೆಲವೇ ವಾರಗಳ ಮೊದಲು ನೋಡಲು ಹೋಗಿದ್ದೆ. ಚಹಾ ಮುಗಿಯುವ ಮೊದಲೇ, "ಗಾಡಿ ತಗೀರಿ, ಒಂದ್ ರೌಂಡ್ ಹೋಗಣ" ಎಂದರು. ಖಾಲಿ ಮಣ್ಣುರಸ್ತೆಯಲ್ಲಿ, "ಈಗ ಬ್ರೇಕ್ ಒತ್ತಿ, ಜೋರಾಗಿ!" ಎಂದರು. ಒತ್ತಿದೆ. ಕಾರು ಅತ್ತಿತ್ತ ಸರಿಯದೆ ನೆಟ್ಟಗೆ ನಿಂತಿತು.

"ಪೆಡಲ್ ಕಾಲಡಿ ನಡುಗ್ತಾ?"

"ನಡುಗ್ತು ಭಾಯ್."

"ನಡುಗ್ಬೇಕು ಮೇಡಂ. ನಡುಗಿದ್ರೇನೇ ಕೆಲಸ ಮಾಡ್ತಾ ಐತೆ ಅಂತ." ತೊಡೆಯ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡು, ಭಾಯ್ ಜೋರಾಗಿ ನಕ್ಕುಬಿಟ್ಟರು.