ಜಾಲರಿಗೆ ಸಿಕ್ಕಿಸಿದ ಸೀರೆ

೧೯೯೬ರ ಚಳಿಗಾಲ. ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿದ್ದ ಒಂದು ಹೀಟಿಂಗ್ ಕಂಪನಿಯಲ್ಲಿ ನಾನು ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ಗಳ ರಿಪೇರಿ ನನ್ನ ಕೆಲಸ. ಈ ಯಂತ್ರದ ಆಟವೆಲ್ಲ ನನಗೆ ಗೊತ್ತು ಎಂಬ ಜಂಬವೂ ಇತ್ತು. ಅದನ್ನು ಇಳಿಸಿದ್ದು ಕಾರ್ಮೆಲ್ ವ್ಯಾಲಿಯ ಒಂದು ಮನೆ.

ಮನೆಯ ಯಜಮಾನ ರಘು ಬೆಂಗಳೂರಿನಿಂದ ಬಂದ ಟೆಲಿಕಾಂ ಎಂಜಿನಿಯರ್. ಹೆಂಡತಿ ವಿದ್ಯಾ ಬಾಣಂತಿ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಮನೆ ತಣ್ಣಗಾಗಲು ಬಿಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಫರ್ನೇಸ್ ಮಾತ್ರ ಹೊತ್ತಿಕೊಂಡ ಸ್ವಲ್ಪ ಹೊತ್ತಿಗೆ ಉರಿ ಆರಿಸಿ, ತಣ್ಣನೆ ಗಾಳಿ ಊದುತ್ತಿತ್ತು. ರಘು ಮ್ಯಾನ್ಯುಯಲ್ ಓದಿ ತಾವೇ ಫಿಲ್ಟರ್ ಬದಲಿಸಿದ್ದರು, ಥರ್ಮೋಸ್ಟಾಟ್‌ಗೆ ಹೊಸ ಬ್ಯಾಟರಿ ಹಾಕಿದ್ದರು. ಎರಡೂ ಸರಿಯಾದ ಕೆಲಸವೇ.

ನಾನು ಹೋದಾಗ ಫರ್ನೇಸ್ ಚೆನ್ನಾಗಿ ಉರಿಯಿತು. ವಾಪಸು ಬಂದರೆ ಹಿಂದೆಯೇ ಫೋನು. ಮಿತಿಮೀರಿ ಬಿಸಿಯಾದಾಗ ಉರಿ ಕಡಿಯುವ ಲಿಮಿಟ್ ಸ್ವಿಚ್ ಮೇಲೆ ಅನುಮಾನ ಬಂದು, ಲಾಸ್ ಏಂಜಲೀಸ್‌ನಿಂದ ಹೊಸದು ತರಿಸಿ ಹಾಕಿದೆ. ನನ್ನೆದುರು ಮತ್ತೆ ಚೆನ್ನಾಗಿ ಉರಿಯಿತು. ಮರುದಿನ ಮತ್ತೆ ಫೋನು.

“ಸಾರ್, ನೀವಿರೋವರ್ಗೂ ಸರಿಯಾಗೇ ಇರತ್ತೆ. ನೀವು ಹೋದ್ಮೇಲೆ ಅದೇ ಕಥೆ,” ಎಂದರು ರಘು.

ನನಗೆ ತಲೆಬುಡ ತಿಳಿಯಲಿಲ್ಲ. ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಒಳಗಿನ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದ್ದರೆ ವಿಷದ ಗಾಳಿ ಮನೆಯೊಳಗೆ ಸೇರಬಹುದು. ಗ್ಯಾಸ್ ಮುಚ್ಚಿದರೆ ಮಗುವಿಗೆ ಚಳಿ, ಬಿಟ್ಟರೆ ಎಲ್ಲರ ಜೀವಕ್ಕೂ ಅಪಾಯ. ನಿಜಕ್ಕೂ ಹೆದರಿದೆ.

ಮೂರನೆಯ ಸಲ ಹೋಗಿ ಇಂಚಿಂಚೂ ಹುಡುಕಿದೆ, ಬಿರುಕು ಸಿಗಲಿಲ್ಲ. ಪೆಚ್ಚಾಗಿ ಕುಳಿತಿದ್ದಾಗ ವಿದ್ಯಾರ ತಾಯಿ ಕಾಫಿ ತಂದುಕೊಟ್ಟರು. ಬಾಣಂತನಕ್ಕೆಂದು ಉಡುಪಿಯಿಂದ ಬಂದವರು, ಅಲ್ಲಿಯವರೆಗೆ ನನ್ನ ಜೊತೆ ಮಾತಾಡಿರಲಿಲ್ಲ.

“ನಿಮ್ಮದು ಯಾವೂರು?”

“ಕಾಪು.”

“ಹಾಗಂತ ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ! ನಮ್ಮ ಕಡೆಯವ್ರೇ ಅಲ್ವಾ, ಇನ್ನು ಎಂತ ನಾಚಿಕೆ?” ಎಂದವರೇ ಹಳೆಯ ಹತ್ತಿ ಸೀರೆಯೊಂದನ್ನು ದಪ್ಪಗೆ ಮಡಚಿ, ಬಾಣಂತಿ ಕೋಣೆಯ ಎದುರು ಗೋಡೆಯಲ್ಲಿದ್ದ ದೊಡ್ಡ ಜಾಲರಿಗೆ ಸಿಕ್ಕಿಸಿದರು. “ಬಾಣಂತಿಗೆ ಗಾಳಿ ತಾಗ್ಬಾರ್ದು. ಹೊರಗಿನವ್ರು ಬರುವಾಗ ಚೆಂದ ಕಾಣುದಿಲ್ಲ ಅಂತ ತೆಗ್ದಿಡ್ತೇನೆ.”

ಫರ್ನೇಸ್ ಮನೆಯ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು ಆ ಜಾಲರಿಯಿಂದಲೇ. ಅದನ್ನು ಮುಚ್ಚಿದರೆ ಬಿಸಿಯೆಲ್ಲ ಯಂತ್ರದೊಳಗೇ ಉಳಿದು, ಲಿಮಿಟ್ ಸ್ವಿಚ್ ಉರಿ ಕಡಿಯುತ್ತದೆ. ನನ್ನ ಕಾಫಿ ಮುಗಿಯುವಷ್ಟರಲ್ಲಿ ಹಾಗೆಯೇ ಆಯಿತು.

“ಬಟ್ಟೆ ಒಣಗಿಸ್ತಿದಾರೆ ಅಂದ್ಕೊಂಡಿದ್ದೆ,” ಎಂದರು ರಘು.

ವಿಷಯ ತಿಳಿದು ಆ ತಾಯಿಯ ಮುಖ ಸಣ್ಣದಾಯಿತು. “ಅಂದ್ರೆ ಮಗುವಿಗೆ ಚಳಿ ಮಾಡಿದ್ದು ನಾನೇ?”

ನನಗೆ ಸಂಕಟವಾಯಿತು. “ಇಲ್ಲಮ್ಮ, ಇಲ್ಲಿ ಗಾಳಿ ಎಳೆಯುದು ಹೌದು. ನೀವು ಹೆದರಿದ್ದು ಸುಳ್ಳಲ್ಲ,” ಎಂದೆ. ನಾನೂ ರಘುವೂ ಸೇರಿ ಬಾಣಂತಿಯ ಮಂಚವನ್ನು ಕೋಣೆಯ ಬಾಗಿಲ ನೇರದಿಂದ ಒಳಮೂಲೆಗೆ ಸರಿಸಿದೆವು. ಆಕೆ ಅಲ್ಲಿ ಕೈಯೊಡ್ಡಿ ನೋಡಿ, ಗಾಳಿಯಿಲ್ಲವೆಂದು ಖಾತ್ರಿಯಾದ ಮೇಲೆ ಸೀರೆಯನ್ನು ತಾವೇ ತೆಗೆದರು.

ಮೂರು ಸಲವೂ ನಾನು ಪರೀಕ್ಷಿಸಿದ್ದು, ನಾನು ಬರುತ್ತೇನೆಂದು ಚೊಕ್ಕ ಮಾಡಿಟ್ಟ ಮನೆಯನ್ನು. ಆಮೇಲೆ ನಿವೃತ್ತಿಯಾಗುವವರೆಗೂ ಯಾವ ಮನೆಗೆ ಹೋದರೂ ಟೂಲ್‌ಬಾಕ್ಸ್ ತೆರೆಯುವ ಮುಂಚೆ ಒಂದೇ ಮಾತು ಹೇಳುತ್ತಿದ್ದೆ: “ನಾನು ಬರ್ತೇನೆ ಅಂತ ಏನೇನು ಎತ್ತಿಟ್ಟಿದ್ದೀರೋ, ಅದೆಲ್ಲ ಮೊದಲಿದ್ದ ಹಾಗೇ ಇಡಿ.”