ನನಗೊಂದು ಆ್ಯಪು, ಓರಗಿತ್ತಿಗೊಂದು ಆ್ಯಪು

ಬೆಳಗಿನ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ನನ್ನ ಯಜಮಾನರು ಗಿಡಗಳಿಗೆ ನೀರು ಹಾಕುತ್ತಾರೆ. ಅದೇ ಹೊತ್ತಿನಲ್ಲಿ ನಾನು, ಸುಮಾರು ಎರಡು ತಿಂಗಳ ಕಾಲ, ಗುಂಡ್ಲುಪೇಟೆಯಲ್ಲಿರುವ ನನ್ನ ಓರಗಿತ್ತಿ ಮಂಗಳಮ್ಮನಿಗೆ ಎಷ್ಟು ನಕ್ಷತ್ರ ಬಿದ್ದಿವೆ ಎಂದು ಫೋನಿನಲ್ಲಿ ಎಣಿಸುತ್ತಿದ್ದೆ. ನಕ್ಷತ್ರವೆಂದರೆ ಮೆಚ್ಚುಗೆಯ ಗುರುತು. ನಾವು ಬರೆದದ್ದು ಚೆನ್ನಾಗಿದೆ ಎನಿಸಿದರೆ ಓದಿದವರು ಒಂದು ಒತ್ತುತ್ತಾರೆ. ಅವಳಿಗೆ ನೂರರ ಮೇಲೆ ಬೀಳುತ್ತಿದ್ದವು. ನನಗೆ ನಾಲ್ಕು ಬಿದ್ದರೆ ಅದರಲ್ಲಿ ಒಂದು ನನ್ನ ಹೆಬ್ಬೆರಳು ತಾಗಿ ನನಗೆ ನಾನೇ ಕೊಟ್ಟುಕೊಂಡದ್ದು.

ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಚಾಮರಾಜನಗರದಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವಳು ನಾನು. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ ಎಂದು ಬೋರ್ಡಿನ ಮೇಲೆ ಬರೆಯುವಾಗ, ಕೊನೆಯದು ಎಂದರೆ ಎಲ್ಲಕ್ಕಿಂತ ಚಿಕ್ಕದಿರಬೇಕು ಎಂದುಕೊಂಡಿದ್ದೆ. ಮಿಕ್ಕ ಐದೂ ವಯಸ್ಸಾದಂತೆ ತಾವಾಗಿಯೇ ಸುಸ್ತಾಗುತ್ತವೆ. ಮಾತ್ಸರ್ಯ ಮಾತ್ರ ನಾನು ನಿವೃತ್ತಳಾದ ಮೇಲೆ ಪೂರ್ಣಾವಧಿ ಕೆಲಸಕ್ಕೆ ಸೇರಿಕೊಂಡಿತು.

ಈ ನಕ್ಷತ್ರಗಳು ಬೀಳುವ ಜಾಗದ ಪೂರ್ಣ ಹೆಸರು ವಿಕೇಂದ್ರಿತ ಸಾಮಾಜಿಕ ಜಾಲತಾಣ. ಹೆಸರು ಕೇಳಿ ಹೆದರಬೇಡಿ, ನಾನೂ ಹೆದರಿದ್ದೆ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಇದಕ್ಕೆ ಒಬ್ಬನೇ ಯಜಮಾನನಿಲ್ಲ, ನಮ್ಮ ಜಿಲ್ಲೆಯದನ್ನು ನಾವೇ ನಾಲ್ಕು ಜನ ಸೇರಿ ನಡೆಸುತ್ತಿದ್ದೇವೆ, ಬೇರೆ ಊರಿನವರು ತಮ್ಮದನ್ನು ತಾವು ನಡೆಸುತ್ತಾರೆ, ಆದರೂ ಎಲ್ಲರ ಮಾತೂ ಎಲ್ಲರಿಗೂ ತಲುಪುತ್ತದೆ ಎಂದು ವಿವರಿಸಿದ. ಅಂಚೆ ಕಚೇರಿಯ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಕುದೇರಿನ ಡಬ್ಬಕ್ಕೆ ಹಾಕಿದ ಕಾಗದ ಗುಂಡ್ಲುಪೇಟೆಗೆ ಹೋಗುವುದಿಲ್ಲವೇ?

ಅವನು ಹೇಳಿದ ಇನ್ನೊಂದು ಮಾತು ಆಗ ನನಗೆ ಮುಖ್ಯವೆನಿಸಿರಲಿಲ್ಲ. ಜಾಗ ಒಂದೇ ಆದರೂ ಅದನ್ನು ನೋಡಲು ಬೇಕಾದಷ್ಟು ಆ್ಯಪುಗಳಿವೆಯಂತೆ. ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳಬಹುದು. ನಾನು ಆರಿಸಿಕೊಂಡದ್ದರಲ್ಲಿ ಎಲ್ಲವೂ ಇತ್ತು: ಎಷ್ಟು ಜನ ಓದಿದರು, ಎಷ್ಟು ಜನ ಮೆಚ್ಚಿದರು, ಇಡೀ ದಿನದಲ್ಲಿ ಯಾರದು ಎಲ್ಲಕ್ಕಿಂತ ಮೇಲೆ. ಯಜಮಾನರು ಆರಿಸಿಕೊಂಡದ್ದು ಚಿತ್ರಗಳನ್ನು ಮಾತ್ರ ತೋರಿಸುತ್ತದೆ. ನನ್ನ ಬರಹದಲ್ಲಿ ಚಿತ್ರವಿಲ್ಲದ್ದರಿಂದ ಅವರ ಪಾಲಿಗೆ ನಾನು ಏನನ್ನೂ ಬರೆದೇ ಇಲ್ಲ. ಇಂಥ ಆ್ಯಪು ಮದುವೆಯಾದ ಹೊಸತರಲ್ಲೇ ಬರಬೇಕಿತ್ತು ಎಂದು ಅವರು ಒಮ್ಮೆ ಹೇಳಿ, ಆಮೇಲೆ ಕಾಫಿ ತಾವೇ ಮಾಡಿಕೊಂಡರು.

ಯೋಚಿಸಿದರೆ ಇದೂ ಹಳೆಯ ಸಂಗತಿಯೇ. ಕುದೇರಿನಲ್ಲಿದ್ದ ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅಂಚೆಯವರೇ ಜಗಲಿಯ ಮೇಲೆ ಕೂತು ಅವಳ ಮಾತನ್ನು ಕಾಗದಕ್ಕಿಳಿಸುತ್ತಿದ್ದರು, ಬಂದದ್ದನ್ನು ಓದಿ ಹೇಳುತ್ತಿದ್ದರು. ಮೊದಲಿಗೆ ‘ಉಭಯ ಕುಶಲೋಪರಿ’ ಎಂದು ತಾವೇ ಸೇರಿಸುತ್ತಿದ್ದರಿಂದ ಅಜ್ಜಿ ಎಷ್ಟೇ ಸಿಟ್ಟಿನಲ್ಲಿ ಬೈದರೂ ಕಾಗದ ಕುಶಲ ಕೇಳಿಯೇ ಶುರುವಾಗುತ್ತಿತ್ತು. ಬರೆಯಬಲ್ಲವರಿಗೆ ಲೇಖನಿ, ಬರೆಯಲಾರದವರಿಗೆ ಅಂಚೆಯವರು. ತಲುಪುತ್ತಿದ್ದ ಅಂಚೆ ಮಾತ್ರ ಒಂದೇ.

ಮಂಗಳಳನ್ನು ಅಲ್ಲಿಗೆ ಸೇರಿಸಿದವಳು ನಾನೇ. ನನ್ನ ಮೈದುನನ ಹೆಂಡತಿ ಅವಳು, ನನಗಿಂತ ಎಂಟು ವರ್ಷ ಚಿಕ್ಕವಳು. ಓದಿದ್ದು ಒಂಬತ್ತನೇ ಕ್ಲಾಸು, ಬೆಳೆಯುವುದು ಚೆಂಡು ಹೂ. ಹೋದ ಸಲ ಅವರ ಮನೆಗೆ ಹೋದಾಗ ಅವಳ ಫೋನಿನಲ್ಲಿ ಖಾತೆ ತೆರೆದೆ. ಒತ್ತಕ್ಷರ ಒತ್ತುವುದು ಅವಳಿಂದಾಗದು, ಕೈ ಯಾವಾಗಲೂ ಕೆಲಸದಲ್ಲಿರುತ್ತದೆ. ಆದ್ದರಿಂದ ಇರುವುದರಲ್ಲೇ ಸರಳವಾದ ಆ್ಯಪು ಹಾಕಿಕೊಟ್ಟೆ. ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ, ಬಂದದ್ದನ್ನು ಗಟ್ಟಿಯಾಗಿ ಓದುತ್ತದೆ. ಲೆಕ್ಕ, ಅಂಕಿ ಯಾವುದೂ ಕಾಣುವುದಿಲ್ಲ. ಯಾರ ಮಾತು ಕೇಳಿಸಬೇಕು ಎಂದು ಅದು ಕೇಳಿದಾಗ, ಕಂಡಕಂಡವರು ಇವಳಿಗೆ ತೊಂದರೆ ಕೊಟ್ಟಾರೆಂದು ‘ಪರಿಚಿತರದು ಮಾತ್ರ’ ಎಂಬುದಕ್ಕೆ ಗುರುತು ಹಾಕಿದೆ. ಪರಿಚಿತರ ಪಟ್ಟಿಗೆ ಒಂದೇ ಹೆಸರು ಸೇರಿಸಿದೆ, ನನ್ನದು. ಪಾಪ, ನನ್ನ ಬರಹಗಳನ್ನಾದರೂ ಕೇಳಿಕೊಂಡಿರಲಿ ಎಂಬ ದೊಡ್ಡ ಮನಸ್ಸು!

ಮೂರನೇ ದಿನ ಅವಳ ಮೊದಲ ಮಾತು ಬಂತು.

“ಅಕ್ಕಾ, ಇವತ್ತು ಹೂವ ಕುಯ್ಯಕ್ಕೋದಾಗ ವಲದ ಬದೀಲಿ ಒಂದ್ ನವಿಲು ನಿಂತಿತ್ತು ಕಣಕ್ಕ. ಓಡ್ಸನ ಅಂತ ಕೈ ಎತ್ತುದ್ರೆ ನನ್ನೇ ಓಡ್ಸೋ ಅಂಗೆ ನೋಡ್ತು. ವಲ ಅದ್ರದೇ ಇರ್ಬೌದು ಅನ್ಕಂಡು ನಾನೇ ಆ ಕಡಿಕ್ ಓದೆ. ಯಾವಾಗ ಬತ್ತೀರಿ?”

ಇಷ್ಟೇ. ಇದಕ್ಕೆ ಸಂಜೆಯೊಳಗೆ ಎಪ್ಪತ್ತು ನಕ್ಷತ್ರ. ಅದೇ ದಿನ ನಾನು ಮೂರು ದಿನ ತಿದ್ದಿ ತೀಡಿದ, ಪುಣಜನೂರಿನ ಕಡೆಯಿಂದ ಬರುವ ಮೋಡಗಳ ಮೇಲಿನ ಬರಹವನ್ನೂ ಹಾಕಿದ್ದೆ. ನನ್ನ ಆ್ಯಪಿನ ಪ್ರಕಾರ ಅದು ಆ ದಿನದ ಪಟ್ಟಿಯಲ್ಲಿ ಎಲ್ಲೋ ಪಾತಾಳದಲ್ಲಿತ್ತು.

ಆಮೇಲೆ ದಿನಕ್ಕೊಂದು. ಪ್ರತಿಯೊಂದೂ ‘ಅಕ್ಕಾ’ ಎಂದು ಶುರುವಾಗಿ ‘ಯಾವಾಗ ಬತ್ತೀರಿ’ ಎಂದು ಮುಗಿಯುತ್ತಿತ್ತು. ಓದಿದವರು ಮರುಳಾದರು. ಯಾರೋ ಅದನ್ನು ಪಲ್ಲವಿ ಎಂದರು. ಇನ್ನೊಬ್ಬರು, ಈಕೆ ಕಾಯುತ್ತಿರುವುದು ಯಾರನ್ನು, ಮಳೆಯನ್ನೋ ಸಾವನ್ನೋ ಎಂದು ಉದ್ದಕ್ಕೆ ಚರ್ಚಿಸಿದರು. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಛಂದಸ್ಸು ಪಾಠ ಮಾಡಿದವಳಿಗೆ ಹೊಳೆಯದ ಪಲ್ಲವಿ ಇವಳಿಗೆ ಹೂ ಕುಯ್ಯುತ್ತ ಹೊಳೆಯುವುದೆಂದರೇನು? ನಾನೂ ಒಂದು ಬರಹವನ್ನು ‘ತಂಗೀ’ ಎಂದು ಶುರು ಮಾಡಿ ನೋಡಿದೆ. “ಮೇಡಂ, ಯಾವ ತಂಗಿಗೆ?” ಎಂದು ಬದನಗುಪ್ಪೆಯ ವಿದ್ಯಾರ್ಥಿ ಕೇಳಿದ. ಅಳಿಸಿಹಾಕಿದೆ.

ಸಹಿಸಲು ಇನ್ನೂ ಕಷ್ಟವಾದದ್ದು ಬೇರೆ. ಅವಳ ಮಾತಿನ ಕೆಳಗೆ ಜನ ಬರೆಯುತ್ತಿದ್ದರು, ಅವಳು ಯಾರಿಗೂ ಉತ್ತರಿಸುತ್ತಿರಲಿಲ್ಲ. ಅದಕ್ಕೂ ಹೊಗಳಿಕೆ. ಎಂಥ ನಿರ್ಲಿಪ್ತತೆ, ಕೀರ್ತಿಯ ಹಂಗೇ ಇಲ್ಲ, ಶರಣೆಯ ಹಾಗಿದ್ದಾರೆ! ಯಾಕೆ ಉತ್ತರಿಸುತ್ತಿಲ್ಲ ಎಂಬುದು ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಗುರುತು ಹಾಕಿದ ಕೈ ನನ್ನದು. ಒಂದು ಫೋನು ಮಾಡಿದ್ದರೆ ಸಾಕಿತ್ತು, ನಾನು ಮಾಡಲಿಲ್ಲ.

ಆ ಮಾತುಗಳ ನಡುವೆ ಒಂದು ಹುಡುಗಿಯದೂ ಇತ್ತು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾಳಂತೆ. “ನಿಮ್ಮ ಮಾತು ನಮ್ಮವ್ವನ ಮಾತಿನ ಥರಾನೇ ಅದೆ. ಅವ್ವ ಹೋಗಿ ವರ್ಷವಾಯ್ತು. ಒಂದು ಸಲ ನನ್ನ ಹತ್ರ ಮಾತಾಡ್ತೀರಾ?” ಎಂದು ಬರೆದಿದ್ದಳು. ಓದಿದೆ, ಫೋನನ್ನು ಬೋರಲು ಹಾಕಿದೆ. ಆ ದಿನ ನಾನು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎಂಬುದನ್ನು ಬಿಟ್ಟರೆ ನನ್ನ ಮನಸ್ಸಾಕ್ಷಿ ಬೇರೇನೂ ಮಾಡಲಿಲ್ಲ.

ಕೊನೆಗೆ, ಇವಳ ಗುಟ್ಟೇನು ಎಂದು ಕಂಡುಹಿಡಿಯಲೇಬೇಕೆಂದು ಹೊರಟೆ. ಮನೆಯಲ್ಲಿ ಅರಿಶಿನ ತರುತ್ತೇನೆಂದು ಹೇಳಿ, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆ. ಗುಂಡ್ಲುಪೇಟೆಗೆ ಒಂದು ಗಂಟೆಯ ದಾರಿ, ಆದರೂ ನಾನು ಹೋಗಿ ಎರಡು ತಿಂಗಳಾಗಿತ್ತು.

ಅವಳ ಮನೆಯ ಗೇಟು ತೆಗೆಯುವ ಮೊದಲೇ ನನ್ನದೇ ವಾಕ್ಯ ಕಿವಿಗೆ ಬಿತ್ತು. ಯಂತ್ರದ ಹೆಂಗಸಿನ ದನಿಯೊಂದು ನನ್ನ ಮೋಡಗಳನ್ನು ಎಲ್ಲೂ ಉಸಿರು ತೆಗೆದುಕೊಳ್ಳದೆ ಓದುತ್ತಿತ್ತು. ಮಂಗಳ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಫೋನು ಮೊರದ ಪಕ್ಕದಲ್ಲಿ. ಒಂದು ಕಡೆ ನಾನೊಂದು ಸಣ್ಣ ತಮಾಷೆ ಸೇರಿಸಿದ್ದೆ. ಯಾರೂ ಗಮನಿಸಿರಲಿಲ್ಲ. ಅವಳು ಸರಿಯಾಗಿ ಅಲ್ಲೇ ನಕ್ಕಳು. ನಕ್ಕು, “ಆಮೇಲೆ?” ಎಂದು ಫೋನನ್ನೇ ಕೇಳಿದಳು.

ನನ್ನನ್ನು ಕಂಡವಳೇ ಮೊರ ಪಕ್ಕಕ್ಕೆ ಸರಿಸಿ ಎದ್ದಳು. “ಅಯ್ಯೋ ಅಕ್ಕ! ಅಂತೂ ಬಂದ್ರಲ್ಲಪ್ಪ! ಇದು ಮೂರ್ನೇ ಸಲ ಕೇಳ್ತಿರೋದು ಕಣಕ್ಕ, ನೀವ್ ಬರ್ದಿರೋದ್ನ. ನಾನೂ ದಿನಾ ಯೋಳ್ತಾನೇ ಇದ್ದೆ, ನೀವ್ ಒಂದ್ ಮಾತೂ ಆಡ್ನಿಲ್ಲ. ಯಾವಾಗ ಬತ್ತೀರಿ, ಯಾವಾಗ ಬತ್ತೀರಿ ಅಂತ ಕೇಳಿ ಕೇಳಿ ಸಾಕಾಯ್ತು. ಬರ್ಯೋರು, ಪುರುಸೊತ್ತಿರಕಿಲ್ಲ ಅನ್ಕಂಡೆ.”

ನಾನು ನಿಂತಲ್ಲೇ ನಿಂತೆ. “ನೀನು ಅದನ್ನೆಲ್ಲ ಹೇಳ್ತಿದ್ದದ್ದು ನನಗಾ?”

“ಇನ್ಯಾರ್ಗೆ? ಅದ್ರಲ್ಲಿರೋದು ನೀವೊಬ್ರೇ ಅಲ್ವಾ?”

ಒಂದೇ ಜಾಗದಲ್ಲಿ ಎರಡು ತಿಂಗಳು ನಾವಿಬ್ಬರೂ ಇದ್ದೆವು. ನನ್ನ ಆ್ಯಪಿನಲ್ಲಿ ಅದು ಸಂತೆ, ಅವಳದರಲ್ಲಿ ಇಬ್ಬರೇ ಕೂತ ಜಗಲಿ. ನಾನು ಪಲ್ಲವಿ ಎಂದು ಅಸೂಯೆಪಟ್ಟದ್ದು ನನ್ನನ್ನೇ ಮನೆಗೆ ಕರೆಯುತ್ತಿದ್ದ ಮಾತು. ನನಗೆ ನಾಚಿಕೆಯಾಯಿತು. ಅಷ್ಟಾದರೂ ಮನಸ್ಸಿನ ಒಂದು ಮೂಲೆ, ಸದ್ಯ ಅದು ಕಾವ್ಯವಲ್ಲವಲ್ಲ ಎಂದು ಸಮಾಧಾನಪಟ್ಟಿತು. ಎಂಥ ಮನಸ್ಸು ನೋಡಿ.

ಕೂತು ಎಲ್ಲವನ್ನೂ ಹೇಳಿದೆ. ನನ್ನ ಫೋನು ತೆಗೆದು ನಕ್ಷತ್ರ ತೋರಿಸಿದೆ, ಜನ ಬರೆದದ್ದನ್ನು ತೋರಿಸಿದೆ. “ನಂಗೆ ಗೊತ್ತಿತ್ತು ಮಂಗಳ. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ” ಎಂದೆ.

“ಹೊಟ್ಟೆಕಿಚ್ಚಾ? ನನ್ ಮ್ಯಾಲಾ?” ಎಂದು ಅವಳು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಅವಳ ಮುಖ ಅರಳಿತು. “ಮದ್ವೆಯಾಗಿ ಬಂದಾಗ್ನಿಂದ ನಿಮ್ಮ ನೋಡಿ ನಾನು ಹೊಟ್ಟೆ ಉರ್ಕಂಡಿವ್ನಿ ಕಣಕ್ಕ. ಬ್ಯಾಗ್ ತಗಲಾಕ್ಕಂಡು ಕಾಲೇಜಿಗೆ ಓಗೋರು. ಇವತ್ತು ಸರಿಗ್ ಸರಿ ಆಯ್ತು ಬುಡಿ.”

ಇಬ್ಬರೂ ನಕ್ಕೆವು. ಒಂದೊಂದೇ ಮಾತನ್ನು ನಾನು ಓದಿ ಹೇಳುತ್ತ ಹೋದೆ, ಅವಳು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಾಚುತ್ತ ಕೇಳಿದಳು. ನರ್ಸ್ ಹುಡುಗಿಯ ಮಾತು ಬಂತು. ಅದನ್ನು ಹಾರಿಸಿಬಿಡಬಹುದಿತ್ತು. ಹಾರಿಸಲಿಲ್ಲ, ಓದಿದೆ.

ಅವಳ ನಗು ನಿಂತಿತು. “ಇದ ಬರ್ದು ಎಷ್ಟ್ ದಿನಾಯ್ತು?”

“ಒಂದೂವರೆ ತಿಂಗಳು.”

ಅವಳು ಮೊರದಲ್ಲಿದ್ದ ಕಾಳಿನಲ್ಲಿ ಸುಮ್ಮನೆ ಕೈಯಾಡಿಸಿದಳು. ನನ್ನ ಕಡೆ ನೋಡಲಿಲ್ಲ. “ನನ್ಗೆ ಯೋಳ್ದೇ ಇದ್ರೆ ಓಗ್ಲಿ ಬುಡಿ ಅಕ್ಕ. ಆ ಮಗ ದಿನಾ ಫೋನ್ ತಗ್ದು ನೋಡಿರ್ತದಲ್ಲ.”

ಇಷ್ಟು ವರ್ಷಗಳಲ್ಲಿ ನನ್ನ ಓರಗಿತ್ತಿ ನನಗೆ ಬೈದದ್ದು ಅದೊಂದೇ ಸಲ. ಅದನ್ನೂ ಬೈಗುಳದ ಹಾಗೆ ಹೇಳಲಿಲ್ಲ.

ಆ್ಯಪನ್ನು ಬದಲಾಯಿಸಲಿಲ್ಲ. ನನ್ನಂಥದ್ದನ್ನೇ ಅವಳಿಗೂ ಹಾಕಿಕೊಟ್ಟರೆ ಅವಳೂ ನಕ್ಷತ್ರ ಎಣಿಸುತ್ತ ಕೂರುತ್ತಾಳೆ. ಈ ರೋಗ ಒಂದು ಮನೆತನದಲ್ಲಿ ಒಬ್ಬರಿಗಿದ್ದರೆ ಸಾಕು. ಅವಳಿಗೆ ಕಿವಿಯಿಂದ ಕೇಳುವ ಆ್ಯಪೇ ಸರಿ. ಅದರೊಳಗೆ ಹಾಕಿದ್ದ ಗುರುತನ್ನು ಮಾತ್ರ ತೆಗೆದು, ‘ಎಲ್ಲರದೂ’ ಎಂಬುದಕ್ಕೆ ಹಾಕಿದೆ. ಅವಳು ಮೈಕು ಒತ್ತಿ ಮೊದಲು ಆ ಹುಡುಗಿಯನ್ನು ಮಾತಾಡಿಸಿದಳು. “ಮಗ, ಉಂಡ್ಯಾ? ನಂಗೆ ಕೇಳಿಸ್ನೇ ಇಲ್ಲ ಕಣವ್ವ, ತೆಪ್ಪು ತಿಳ್ಕಬ್ಯಾಡ.” ನನ್ನ ಹೆಸರು ಹೇಳಲಿಲ್ಲ. ಅರ್ಧ ಗಂಟೆಯೊಳಗೆ ಉತ್ತರ ಬಂತು. ಯಂತ್ರದ ದನಿ ಅದನ್ನೂ ಉಸಿರು ತೆಗೆದುಕೊಳ್ಳದೆಯೇ ಓದಿತು, ಮಂಗಳ ಕಣ್ಣೊರೆಸಿಕೊಂಡಳು.

ಅಂದಿನಿಂದ ಅವಳು ಒಬ್ಬರನ್ನೂ ಬಿಡದೆ ಎಲ್ಲರಿಗೂ ಉತ್ತರಿಸುತ್ತಿದ್ದಾಳೆ. ಹುಡುಗಿಯ ಜೊತೆ ದಿನಾ ಮಾತು. ಯಾರದೋ ಸೊಸೆಯ ಬಾಣಂತನ, ಯಾರದೋ ಕುಂಡದಲ್ಲಿ ಒಣಗಿದ ಚೆಂಡು ಹೂವಿನ ಸಸಿ, ಎಲ್ಲವೂ ಅವಳ ಜಗಲಿಗೆ ಬರುತ್ತವೆ. ಮೊನ್ನೆ ನಾನೂ ಅವಳ ಮಾತಿನ ಕೆಳಗೆ ಎರಡು ಸಾಲು ಬರೆದು ಕಾದೆ. ಮಾರನೆಯ ದಿನ ಉತ್ತರ ಬಂತು: “ಅಕ್ಕ, ನಿಮ್ಗಿಂತ ಮುಂದೆ ಹದಿನೇಳ್ ಜನ ಅವ್ರೆ. ಒಸಿ ತಡ್ಕಳಿ.”

ಅವಳಿಗೆ ಇಷ್ಟು ಜನ ಇದ್ದಾರಲ್ಲ ಎಂದು ಎರಡು ತಿಂಗಳು ಉರಿದೆ. ಈಗ ಆ ಹದಿನೇಳು ಜನಕ್ಕೆ ಅವಳಿದ್ದಾಳಲ್ಲ ಎಂದು ಉರಿಯುತ್ತಿದ್ದೇನೆ. ಗುಣವೇನೂ ಆಗಿಲ್ಲ, ಆದರೂ ಈ ಉರಿ ಮೊದಲಿನದಕ್ಕಿಂತ ವಾಸಿ ಎನಿಸುತ್ತದೆ. ನಾಳೆ ಬೆಳಗಿನ ಬಸ್ಸಿಗೇ ಗುಂಡ್ಲುಪೇಟೆಗೆ ಹೊರಟಿದ್ದೇನೆ. ಅವಳ ಎದುರು ಕೂತು ಅವರೆಕಾಯಿ ಸುಲಿಯುವವರಿಗೆ ಸರದಿಯಿಲ್ಲ.