ನಾನು ಸೇರಿಸಿದ ಅರ್ಧ ಗಂಟೆ

ವೈಟ್ಟಿಲದ ಬಸ್ ನಿಲ್ದಾಣದ ಹೊರಗೆ ನಾನು ಚಹಾ ಕುಡಿಯುವ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರವಿದೆ. ಅದು ಹತ್ತು ನಿಮಿಷ ಮುಂದಿದೆ. ಅಂಗಡಿಯ ಅಣ್ಣ, ನಾವೆಲ್ಲ ಚೇಟ್ಟನ್ ಎನ್ನುವವರು, ಬೇಕೆಂದೇ ಹಾಗೆ ಇಟ್ಟಿದ್ದಾರೆ, ಗಿರಾಕಿಗಳಿಗೆ ಬಸ್ಸು ತಪ್ಪಬಾರದಂತೆ. ದಿನಾ ಬರುವವರಿಗೆಲ್ಲ ಈ ಸಂಗತಿ ಗೊತ್ತು. ಅವರು ಮನಸ್ಸಿನಲ್ಲೇ ಹತ್ತು ಕಳೆದುಕೊಂಡು ಆರಾಮವಾಗಿ ಬಾಳೆಹಣ್ಣಿನ ಪಳಂಪೊರಿ ಮುರಿಯುತ್ತ ಕೂತಿರುತ್ತಾರೆ. ಹಾಗಾಗಿ ಗಡಿಯಾರವನ್ನು ಮುಂದಿಟ್ಟು ಯಾರಿಗೂ ಉಪಯೋಗವಾಗಿಲ್ಲ. ಆದರೂ ಅದು ಹಾಗೇ ಇದೆ.

ಮೊನ್ನೆ ಬೆಳಿಗ್ಗೆ ಹೊಸ ಚೀಲ ಹೆಗಲಿಗೇರಿಸಿದ್ದ ಒಬ್ಬ ಹುಡುಗಿ ಆ ಗಡಿಯಾರ ನೋಡಿ, ಅರ್ಧ ಲೋಟ ಚಹಾ ಬಿಟ್ಟು ಎದ್ದು ಓಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ರಸ್ತೆಯ ನಡುವೆ ಇದ್ದಳು. ಒಂದು ಆಟೋ ಕಿರುಚಿಕೊಂಡು ನಿಂತಿತು. ಅವಳಿಗೇನೂ ಆಗಲಿಲ್ಲ. ನಾನು ಮಾತ್ರ ಲೋಟ ಕೆಳಗಿಟ್ಟು, ಅವಳು ನಿಲ್ದಾಣದೊಳಗೆ ಹೋಗುವವರೆಗೆ ಎದ್ದು ನಿಂತು ನೋಡಿದೆ. ನಿಮಗೆ ಇದು ಅತಿಯೆನಿಸಬಹುದು. ಹಾಗಾದರೆ ನನ್ನ ಜೊತೆ ಒಂದು ಚಹಾದಷ್ಟು ಹೊತ್ತು ಕೂತುಕೊಳ್ಳಿ, ಕಾರಣ ಹೇಳುತ್ತೇನೆ.

ನಾಲ್ಕೈದು ವರ್ಷದ ಹಿಂದೆ ನಾನು ತಿರುವನಂತಪುರದ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ವಿಳಿಂಜಂನ ಮೀನುಗಾರಿಕಾ ಬಂದರಿನಲ್ಲಿ ನಾವು ಒಂದು ವಿದ್ಯುತ್ ಫಲಕ ಹಾಕಿದ್ದೆವು. ಅಲೆಯ ಎಚ್ಚರಿಕೆ ಬಂದರೆ ಎಷ್ಟು ಗಂಟೆಯಿಂದ ಎಂದು ಅದು ಮಲಯಾಳದಲ್ಲಿ ತೋರಿಸುತ್ತಿತ್ತು. ಎಚ್ಚರಿಕೆ ಬರುವುದು ಜಾಗತಿಕ ಸಮಯದಲ್ಲಿ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಈ ಲೆಕ್ಕವನ್ನು ನಾವು ಬರೆಯಬೇಕಾಗಿಲ್ಲ. ಬಾಡಿಗೆ ಮನೆಗೆ ಹೋದಾಗ ಗೋಡೆಯಲ್ಲಿ ಸ್ವಿಚ್ಚುಗಳು ಮೊದಲೇ ಇರುತ್ತವಲ್ಲ, ಹಾಗೆ ಪ್ರತಿ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಇಂಥ ಸಾಮಾನ್ಯ ಕೆಲಸಗಳ ಒಂದು ಸಿದ್ಧ ಸಂಗ್ರಹ ಬರುತ್ತದೆ. ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಲೋಕದ ಎಲ್ಲೆಲ್ಲೋ ಕೂತವರು ಅದನ್ನು ಸೇರಿ ಬರೆದಿರುತ್ತಾರೆ, ಸೇರಿ ರಿಪೇರಿ ಮಾಡುತ್ತಾರೆ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆಂದು ನಂಬಿದಂತೆ ನಾವು ಅದನ್ನು ನಂಬುತ್ತೇವೆ.

ಆ ಲೈಬ್ರರಿಯಲ್ಲಿ ನನಗೊಂದು ತಪ್ಪು ಸಿಕ್ಕಿತು. ಸಮಯದ ವ್ಯತ್ಯಾಸವನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಬರೆದುಕೊಟ್ಟರೆ ಅದು ಐದೂವರೆಯಲ್ಲಿ ಐದನ್ನು ಮಾತ್ರ ಓದಿ ಅರ್ಧವನ್ನು ಬಿಟ್ಟುಬಿಡುತ್ತಿತ್ತು. ಪೂರ್ತಿ ಗಂಟೆಗಳ ದೇಶಗಳಲ್ಲಿ ಕೂತು ಬರೆದವರಿಗೆ ಅದು ಕಂಡಿರಲಿಕ್ಕಿಲ್ಲ. ನನಗೆ ಕಂಡಿತು. ಸಂತೋಷವೂ ಆಯಿತು, ಏಕೆಂದರೆ ಅಷ್ಟು ದೊಡ್ಡವರ ತಪ್ಪು ಹಿಡಿಯುವ ಯೋಗ ಎಲ್ಲರಿಗೂ ಬರುವುದಿಲ್ಲ.

ಆ ಸಂತೋಷವನ್ನು ಹೊತ್ತು ಪದ್ಮಾ ಮೇಡಂ ಮನೆಗೆ ಹೋದೆ. ಅವರು ಧಾರವಾಡದವರು. ಮೂವತ್ತು ವರ್ಷ ತಿರುವನಂತಪುರದ ಒಂದು ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾಗಿ ಅಲ್ಲೇ ಉಳಿದವರು. ಭಾನುವಾರ ಕನ್ನಡ ಮಾತಾಡುವ ಆಸೆಗೆ ನಮ್ಮಂಥವರನ್ನು ಊಟಕ್ಕೆ ಕರೆಯುತ್ತಿದ್ದರು. ಮಗಳು ವಿದ್ಯಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. "ಇನ್ನೊಂದು ರೊಟ್ಟಿ ಹಾಕ್ಲೇನ?" ಎಂದು ಅವರು ಕೇಳಿದರೆ, "ವೇಂಡ ಅಮ್ಮಾ, ವಯರ್ ನಿರಞ್ಞು," ಎನ್ನುತ್ತಿದ್ದಳು. ಹೊಟ್ಟೆ ತುಂಬಿದ್ದು ಮಲಯಾಳದಲ್ಲಿ, ರೊಟ್ಟಿ ಮಾತ್ರ ಧಾರವಾಡದ್ದು.

ಮೇಡಂ ಹತ್ತಿರ ಒಂದು ಹಳದಿ ನೋಟ್‌ಬುಕ್ ಇತ್ತು. ಎಲ್ಲೇ ತಪ್ಪು ಕಂಡರೂ ಅದರಲ್ಲಿ ಮೂರು ಸಾಲು ಬರೆಯುತ್ತಿದ್ದರು: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಮಿಕ್ಸಿ ಕೆಟ್ಟದ್ದೂ ಅದರಲ್ಲಿತ್ತು. ನನ್ನ ಕಥೆ ಕೇಳಿ ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿದರು.

"ಬರಿ ತಂಗಿ. ಬರದು ಆ ಲೈಬ್ರರಿಯವರಿಗೆ ಕಳಸು."

"ಕಳಿಸ್ತೇನೆ ಮೇಡಂ. ಸದ್ಯಕ್ಕೆ ನಮ್ಮ ಪ್ರೋಗ್ರಾಮಲ್ಲೇ ಅರ್ಧ ಗಂಟೆ ಸೇರಿಸಿ ಬಿಟ್ಟಿದ್ದೇನೆ. ಸರಿ ತೋರಿಸ್ತದೆ."

"ಅಂದ್ರ ಅವರು ತಪ್ಪು ಮಾಡ್ತಾರ ಅಂತ ನಂಬಿ ನೀ ಲೆಕ್ಕ ಹಾಕೀಯಲ್ಲ. ನಾಳೆ ಅವರು ಶಾಣ್ಯಾರಾದ್ರ ಏನ್ ಮಾಡ್ತಿ?"

ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ ಎಂದು ನೆನಪು.

ವರದಿ ಕಳಿಸಲಿಲ್ಲ. ಸೋಮಾರಿತನ ಒಂದು ಕಾರಣ. ನನ್ನ ಮಂಜೇಶ್ವರದ ಇಂಗ್ಲಿಷನ್ನು ಲೋಕವೆಲ್ಲ ಓದುತ್ತದೆಂಬ ನಾಚಿಕೆ ಇನ್ನೊಂದು. ಎರಡು ವರ್ಷ ಫಲಕ ಒಂದು ದಿನವೂ ತಪ್ಪು ಸಮಯ ತೋರಿಸಲಿಲ್ಲ. ಅಷ್ಟರಲ್ಲಿ ನಮ್ಮಂತೆಯೇ ಅರ್ಧ ಗಂಟೆಯ ಲೆಕ್ಕವಿರುವ ಇನ್ಯಾವುದೋ ದೇಶದವರು ಅದೇ ತಪ್ಪನ್ನು ವರದಿ ಮಾಡಿದರು, ಯಾರೋ ಸರಿಪಡಿಸಿದರು. ಒಂದು ಬುಧವಾರ ನಾವು ಹೊಸ ಲೈಬ್ರರಿ ಹಾಕಿಕೊಂಡೆವು. ಪ್ರೋಗ್ರಾಮ್ ಓಡಿತು. ಓಡಿದರೆ ಸಾಕು ಎನ್ನುವುದೇ ನಮ್ಮ ಪರೀಕ್ಷೆ. ಈಗ ಲೈಬ್ರರಿ ಐದೂವರೆ ಕೂಡಿಸುತ್ತಿತ್ತು. ಅದರ ಮೇಲೆ ನನ್ನ ಅರ್ಧ ಗಂಟೆ.

ಮರುದಿನ ಕಳ್ಳಕ್ಕಡಲ್ ಎಚ್ಚರಿಕೆ ಬಂತು. ಗಾಳಿಯಿಲ್ಲ, ಮೋಡವಿಲ್ಲ, ದೂರದ ಸಮುದ್ರದ ಅಲೆ ಸದ್ದಿಲ್ಲದೆ ದಡಕ್ಕೆ ನುಗ್ಗುತ್ತದೆ. ಅದಕ್ಕೇ ಕಳ್ಳ ಕಡಲು ಎನ್ನುತ್ತಾರೆ. ಮಧ್ಯಾಹ್ನ ಮೂರೂ ನಲವತ್ತರಿಂದ, ಕಟ್ಟಿದ ದೋಣಿಗಳನ್ನು ದೂರ ದೂರ ಮಾಡಿ ಎಂದಿತ್ತು ಎಚ್ಚರಿಕೆ. ಫಲಕ ನಾಲ್ಕೂ ಹತ್ತು ಎಂದಿತು.

ಮೂರೂ ಐವತ್ತೆರಡಕ್ಕೆ, ಕಚೇರಿಯಲ್ಲಿ ಕೂತು ಬೇರೇನೋ ಹುಡುಕುತ್ತಿದ್ದಾಗ, ನನಗೆ ಎರಡೂ ಸಂಖ್ಯೆಗಳು ಅಕ್ಕಪಕ್ಕ ಕಂಡವು. ಅರ್ಧ ಗಂಟೆ ಸೇರಿಸುವ ನನ್ನ ಸಾಲನ್ನು ಅಳಿಸಿದೆ. ಮೂರೂ ಐವತ್ತೆಂಟಕ್ಕೆ ಫಲಕ ಸರಿಯಾಯಿತು. ಸುತ್ತ ನೋಡಿದೆ. ಯಾರೂ ಗಮನಿಸಿರಲಿಲ್ಲ. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಎರಡು ದಿನದ ನಂತರ ಬಂದರಿನ ಕಚೇರಿಯಿಂದ ಫೋನ್ ಬಂತು. ಫಲಕದ ಬಗ್ಗೆ ದೂರೇನೂ ಇಲ್ಲ, ಸುಮ್ಮನೆ ದಾಖಲೆಗೆ, ಒಬ್ಬ ಮೀನುಗಾರ ಸಮಯ ತಪ್ಪಾಗಿ ಓದಿ ತಡವಾಗಿ ದೋಣಿ ಸರಿಸಲು ಹೋಗಿ ಕೈ ಜಜ್ಜಿಸಿಕೊಂಡಿದ್ದಾನೆ ಎಂದರು. ಅವನನ್ನು ಎತ್ತಿಕೊಂಡು ಬಂದವರೆಲ್ಲ ಫಲಕ ನೋಡಿದ್ದಾರೆ, ಅದರಲ್ಲಿ ಮೂರೂ ನಲವತ್ತು ಎಂದೇ ಇತ್ತಂತೆ. ಅವರು ನೋಡುವ ಹೊತ್ತಿಗೆ ನಾನು ಸರಿಪಡಿಸಿಯಾಗಿತ್ತು.

ನಾನು ಆಸ್ಪತ್ರೆಗೆ ಹೋದೆ. ಆ ಮೀನುಗಾರ, ಸಿಲುವಯ್ಯನ್, ಅರುವತ್ತರ ಸಮೀಪದವರು. ಬಲಗೈಗೆ ಮೊಣಕೈಯವರೆಗೆ ಬಟ್ಟೆ ಸುತ್ತಿತ್ತು. ಎರಡು ದೋಣಿಗಳ ನಡುವೆ ಸಿಕ್ಕಿ ಮೂರು ಬೆರಳು ಹೋಗಿದ್ದವು. ಫಲಕದ ಕಂಪನಿಯವಳು ಎಂದೆ. ಅವರು ಎದ್ದು ಕೂತರು.

"ಮೋಳೇ, ನನಗೆ ಓದಲು ಬರುತ್ತದೆ," ಎಂದರು ಮಲಯಾಳದಲ್ಲಿ, ಮಗಳನ್ನು ಕರೆಯುವಂತೆ. "ನಾಲ್ಕೂ ಹತ್ತು ಅಂತ ಇತ್ತು. ನೀರು ಹಿಂದಕ್ಕೆ ಸರಿಯುವುದನ್ನು ಕಂಡೆ. ಬೇರೆ ಕಾಲವಾದರೆ ಆಗಲೇ ಹೋಗುತ್ತಿದ್ದೆ. ಎರಡು ವರ್ಷ ಸುಳ್ಳು ಹೇಳದ ಬೋರ್ಡು ಅಲ್ಲವಾ ಅಂತ ಚಹಾ ಕುಡಿದೆ. ಈಗ ಹೆಂಡತಿಯೂ ನಂಬುವುದಿಲ್ಲ. ಕನ್ನಡಕ ಮಾಡಿಸಿ ಅನ್ನುತ್ತಾಳೆ."

ನನ್ನ ಬಾಯಿಂದ ಆಗ ಬಂದದ್ದು ಒಂದೇ ಪ್ರಶ್ನೆ: "ನೋವಿದೆಯಾ?" ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನೇರವಾಗಿ ಮೇಡಂ ಮನೆಗೆ ಹೋದೆ. ಲೈಬ್ರರಿಯವರು ಹೇಳದೆ ಕೇಳದೆ ಬದಲಾಯಿಸಿದರು ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿದರು. ಬೈಯುತ್ತಾರೆಂದು ಕಾದಿದ್ದೆ.

"ಅವರು ಬದಲಾಯಿಸಿದ್ದನ್ನ ಎಲ್ಲಾರಿಗೂ ಕಾಣೋಹಂಗ ಬರದಾರ. ನೀ ಓದಿಲ್ಲ," ಎಂದರು ಮೆಲ್ಲಗೆ. "ಅದು ಇರ್ಲಿ. ಆರು ನಿಮಿಷದಾಗ ರಿಪೇರಿ ಮಾಡಿದಿ, ಛಲೋ ಆತು. ಆದ್ರ ಹೇಳಲಿಲ್ಲ. ನೀ ಅಳಿಸಿದ್ದು ಬರೇ ಒಂದು ಸಾಲಲ್ಲ ತಂಗಿ, ಆ ಮನಷಾ ಕಂಡಿದ್ದನ್ನ ಅಳಿಸೀದಿ."

ಆಮೇಲೆ ಹಳದಿ ಪುಸ್ತಕ ತಂದಿಟ್ಟು ಅನ್ನಕ್ಕಿಡಲು ಒಳಗೆ ಹೋದರು.

ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಮೂರು ಸಾಲಿಗೆ ಮಧ್ಯಾಹ್ನವೆಲ್ಲ ಬೇಕಾಯಿತು. "ಅರ್ಧ ಗಂಟೆ ಸೇರಿಸಲಾಗಿತ್ತು" ಎಂದು ಬರೆದಾಗ ಮೇಡಂ ಹೆಗಲ ಮೇಲಿಂದ ಬಗ್ಗಿ ನೋಡಿ, "ಯಾರು ಸೇರಿಸಿದ್ರು?" ಎಂದು ಕೇಳಿದರು. "ಸೇರಿಸಿದೆ" ಎಂದು ತಿದ್ದಿದೆ. ನನಗೆ ಮಲಯಾಳ ಮಾತು ಸಲೀಸು, ಬರವಣಿಗೆ ಅಷ್ಟಕ್ಕಷ್ಟೆ. ವಿದ್ಯಾ ಪಕ್ಕದಲ್ಲಿ ಕೂತು ಮಲಯಾಳಕ್ಕೆ ಇಳಿಸಿಕೊಟ್ಟಳು. ನನ್ನ ಕನ್ನಡದ ಒಂದು ಮಾತನ್ನೂ ಅವಳು ಬಿಡಲಿಲ್ಲ.

ನಮ್ಮ ಮ್ಯಾನೇಜರ್ ಅದನ್ನು ಓದಿ, "ಲೈಬ್ರರಿ ಬದಲಾಯಿತು ಅಂತಷ್ಟೇ ಬರೆದರೆ ಅದೂ ನಿಜವೇ ತಾನೇ?" ಎಂದರು. ನಿಜವೇ. ಆದರೆ ಅದರಲ್ಲಿ ನಾನೂ ಇರಲಿಲ್ಲ, ಸಿಲುವಯ್ಯನ್ ಕೂಡ ಇರಲಿಲ್ಲ. ಸೋಮವಾರ ಬಂದರಿನ ಕಚೇರಿಯಲ್ಲಿ ನನ್ನ ಮೂರು ಸಾಲನ್ನೇ ಓದಿದೆ. ದೋಣಿಯವರು ಹತ್ತು ಹನ್ನೆರಡು ಜನ ಇದ್ದರು. ಕೊನೆಯಲ್ಲಿ, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಸಿಲುವಯ್ಯನ್ ಮತ್ತು ಅವರ ಹೆಂಡತಿ. ಓದಿ ಮುಗಿಸಿ ಹಾಳೆ ಮಡಿಸಿದೆ. ಸಿಲುವಯ್ಯನ್ ಹೆಂಡತಿಯ ಕಡೆ ತಿರುಗಿ, "ಕೇಳಿದೆಯಲ್ಲ? ಕನ್ನಡಕ ಬೇಡ," ಎಂದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಸಿಲುವಯ್ಯನ್ ನನ್ನ ಹತ್ತಿರ ಬಂದು, "ಬೋರ್ಡಿನ ಕೆಳಗೆ ಬರೆಸು ಮೋಳೇ. ಕಡಲನ್ನೂ ನೋಡಿ ಅಂತ," ಎಂದರು. ಬರೆಸಿದೆವು. ಅವರು ನನ್ನನ್ನು ಕ್ಷಮಿಸಿದರೇ ಎಂದು ನನಗೆ ಗೊತ್ತಿಲ್ಲ.

ಲೈಬ್ರರಿಯವರಿಗೂ ಕೊನೆಗೆ ಬರೆದೆ. ನನ್ನಂತೆ ಕೈಯಿಂದ ಅರ್ಧ ಗಂಟೆ ಸೇರಿಸಿಕೊಂಡವರು ಇರಬಹುದು, ಬದಲಾವಣೆಯ ಟಿಪ್ಪಣಿಯಲ್ಲಿ ಅವರಿಗೊಂದು ಎಚ್ಚರಿಕೆ ಹಾಕಿ ಎಂದು ಕೇಳಿಕೊಂಡು, ಜೊತೆಗೆ ಲೆಕ್ಕ ಸರಿ ಬರುತ್ತದೆಯೇ ಎಂದು ತಾನಾಗಿ ನೋಡುವ ಒಂದು ಪರೀಕ್ಷೆಯನ್ನೂ ಕಳಿಸಿದೆ. ಯಾರೂ ನನ್ನ ಇಂಗ್ಲಿಷಿಗೆ ನಗಲಿಲ್ಲ. ಒಬ್ಬರು ಧನ್ಯವಾದ ಹೇಳಿ ಎರಡನ್ನೂ ಸೇರಿಸಿಕೊಂಡರು. ಈಗ ಲೋಕದ ಯಾವ ಮೂಲೆಯಲ್ಲಿ ಯಾರು ಆ ಲೈಬ್ರರಿಯನ್ನು ಮುಟ್ಟಿದರೂ ಒಂದು ಗುರುವಾರದ ಮಧ್ಯಾಹ್ನ ಮೂರೂ ನಲವತ್ತು ಸರಿಯಾಗಿ ಬರುತ್ತದೆಯೇ ಎಂದು ಮೊದಲು ನೋಡಲಾಗುತ್ತದೆ. ಅದು ಯಾವ ಗುರುವಾರವೆಂದು ಅವರಿಗೆ ಗೊತ್ತಿರುವುದಿಲ್ಲ.

ಆ ಕೆಲಸ ಬಿಟ್ಟೆ. ಅವರೂ ತಡೆಯಲಿಲ್ಲ. ಈಗ ಎಡಪ್ಪಳ್ಳಿಯ ಒಂದು ಕಚೇರಿಗೆ ಹೋಗುತ್ತೇನೆ. ಮೇಡಂ ತೀರಿಹೋಗಿ ಒಂದು ವರ್ಷವಾಯಿತು. ಹಳದಿ ಪುಸ್ತಕವನ್ನು ವಿದ್ಯಾ ನನಗೆ ಕೊಟ್ಟಳು. ಕೊಡುವಾಗ "ಅಮ್ಮ ಹೇಳಿದ್ರು," ಎಂದಳು, ಕನ್ನಡದಲ್ಲಿ.

ಮೊನ್ನೆ ಆ ಹುಡುಗಿ ಓಡಿದ ಮೇಲೆ, ನನ್ನ ಚೀಲದಲ್ಲೇ ಇರುವ ಆ ಪುಸ್ತಕದ ಕೊನೆಯಿಂದ ಒಂದು ಹಾಳೆ ಹರಿದು, ನನ್ನ ವಕ್ರ ಮಲಯಾಳದಲ್ಲಿ, ಗಡಿಯಾರ ಹತ್ತು ನಿಮಿಷ ಮುಂದಿದೆ ಎಂದು ಬರೆದೆ. ಚೇಟ್ಟನ್‌ಗೆ ತೋರಿಸಿದೆ.

"ಇದು ಎಲ್ಲರಿಗೂ ಗೊತ್ತು ಮೋಳೇ."

"ಗೊತ್ತಿಲ್ಲದವಳು ಈಗ ತಾನೇ ಓಡಿದಳು ಚೇಟ್ಟಾ."

ಅವರು ರಸ್ತೆಯ ಕಡೆ ಒಮ್ಮೆ ನೋಡಿದರು. ಚೀಟಿಯನ್ನು ಕಣ್ಣಿಂದ ದೂರ ಹಿಡಿದು ಓದಿದರು. "ನಾಳೆ ನಾನು ಗಡಿಯಾರ ಸರಿ ಮಾಡಿ ಚೀಟಿ ತೆಗೆಯಲು ಮರೆತರೆ? ಬಸ್ಸು ತಪ್ಪಿದವರು ಯಾರನ್ನು ಬೈಯಬೇಕು?"

ನಾನು ಚೀಟಿ ವಾಪಸು ತೆಗೆದುಕೊಂಡು, ಕೆಳಗೆ ಆ ದಿನದ ತಾರೀಕನ್ನೂ ನನ್ನ ಹೆಸರನ್ನೂ ಬರೆದೆ.